ಗಟ್ಟಿ ಇರಬೇಕೋ, ಅಶಕ್ತ ಇರಬೇಕೋ? ಬೈಬಲ್‌ನಲ್ಲಿ ಬಲದ ಎರಡು ಮಾತು

ಬೆಟಗೇರಿಯ ನಮ್ಮ ಚಿಗವ್ವನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಹೋದದ್ದು ಬಲಗೈ. ಮಗ್ಗದ ಮುಂದೆ ಕೂತು ನಾಲ್ಕು ಮಕ್ಕಳನ್ನು ಸಾಕಿದ ಕೈ ಅದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬರುವವರು ಬಹಳ. ಒಂದು ಸಂಜೆ ನಾನೂ ಧಾರವಾಡದಿಂದ ಹೋಗಿದ್ದೆ. ಪ್ರಾರ್ಥನೆ ಮಾಡಲು ಇಬ್ಬರು ಬಂದರು. ಇಬ್ಬರೂ ಪ್ರೀತಿಯಿಂದಲೇ ಬಂದವರು.

ಮೊದಲನೆಯವರು ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೋರಿಸಿದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ವಚನ ಇತ್ತು: ನನ್ನನ್ನು ಬಲಪಡಿಸುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನಾಗಿದ್ದೇನೆ. "ನಂಬಿಕಿ ಗಟ್ಟಿ ಮಾಡ್ರಿ ಅಕ್ಕಾರ, ಕೈ ತಾನಾಗೇ ಎದ್ದು ಬರತೈತಿ" ಎಂದರು. ಎರಡನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ಕೃಪೆ ಅಂತ ತಿಳಕೋರಿ. ನಾವು ಅಶಕ್ತ ಆದಾಗನ ದೇವರ ಬಲ ಕಾಣೂದು" ಎಂದರು. ಅದೂ ಬೈಬಲ್‌ನದೇ ಮಾತು.

ಅವರು ಹೋದ ಮೇಲೆ ಚಿಗವ್ವ ನನ್ನ ಕಡೆ ತಿರುಗಿದಳು. "ಅಲ್ಲೋ ತಮ್ಮಾ, ಇಬ್ಬರೂ ಒಂದ ಪುಸ್ತಕ ಓದಿ ಹೇಳಿದ್ರು. ನಾ ಈಗ ಗಟ್ಟಿ ಇರಬೇಕೋ, ಅಶಕ್ತ ಇರಬೇಕೋ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅದೇ ಪ್ರಶ್ನೆ ಹಿಡಿದು ಸತ್ಯವೇದ ಓದಿದೆ. ಬೈಬಲ್‌ಗೆ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಆ ಹೆಸರೇ ಜಾಸ್ತಿ ಬಳಕೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಕ್ರೈಸ್ತರಲ್ಲದಿದ್ದರೂ ಓದಿ. ಮನೆಯಲ್ಲಿ ಯಾರಾದರೂ ಮಲಗಿದಾಗ ಇಂಥ ಎರಡು ಮಾತು ಎಲ್ಲರ ಮನೆಗೂ ಬರುತ್ತವೆ, ಅಲ್ವಾ?

ಮೊದಲು ಶಬ್ದದ ವಿಷಯ. ಹೊಸ ಒಡಂಬಡಿಕೆ, ಅಂದರೆ ಬೈಬಲ್‌ನಲ್ಲಿ ಯೇಸುವಿನಿಂದ ಈಚೆಗಿನ ಭಾಗ, ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಬಲಹೀನತೆಗೆ ಇರುವ ಶಬ್ದ ಅಸ್ಥೆನೇಯಾ. ಅದಕ್ಕೆ ಕಾಯಿಲೆ ಎಂಬ ಅರ್ಥವೂ ಇದೆ, ಕೈಲಾಗದ ಸ್ಥಿತಿ ಎಂಬ ಅರ್ಥವೂ ಇದೆ. ನಮಗೆ ಇದು ಹೊಸದಲ್ಲ. ಜ್ವರ ಬಂದು ಎದ್ದವನನ್ನು ನೋಡಿ ನಮ್ಮ ಕಡೆ "ಭಾಳ ಅಶಕ್ತ ಆಗ್ಯಾನ" ಅನ್ನುತ್ತಾರೆ. ಊರಲ್ಲಿ ಮಾತು ನಡೆಯದ ಬಡವನಿಗೂ ಅಶಕ್ತ ಅನ್ನುತ್ತಾರೆ. ಕನ್ನಡದಲ್ಲಿ ಇನ್ನೊಂದು ಸೊಗಸು ಇದೆ. ನಮಗೆ ಬಲ ಅಂದರೆ ಶಕ್ತಿಯೂ ಹೌದು, ಎಡಕ್ಕೆ ಎದುರಾದ ಕಡೆಯೂ ಹೌದು. ಯೇಸುವಿಗಿಂತ ಮುಂಚಿನ ಭಾಗವಾದ ಹಳೆಯ ಒಡಂಬಡಿಕೆಯ ಇಬ್ರಿಯ ಕವಿಗಳೂ ದೇವರ ಶಕ್ತಿಯನ್ನು ಹಾಡುವಾಗ ಅವನ ಬಲಗೈಯನ್ನೇ ಹಾಡುತ್ತಾರೆ. ಇಸ್ರಾಯೇಲರು ಕೆಂಪು ಸಮುದ್ರ ದಾಟಿದ ಮೇಲೆ ಹಾಡಿದ ಹಾಡಿನಲ್ಲಿ ಅದಿದೆ. ಆ ಹಾಡು ಓದುವಾಗಲೆಲ್ಲ ನನಗೆ ಚಿಗವ್ವನ ಕೈ ನೆನಪಾಗುತ್ತದೆ.

ಪೌಲ ಯೇಸುವಿನ ನಂತರದ ಮೊದಲ ಪೀಳಿಗೆಯ ಬೋಧಕ, ಹೊಸ ಒಡಂಬಡಿಕೆಯ ಹಲವು ಪತ್ರ ಬರೆದವನು. ಅವನು ಈ ಒಂದೇ ಶಬ್ದದ ಬಳಗವನ್ನು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತಾನೆ. ಗಲಾತ್ಯದವರಿಗೆ ಬರೆಯುವಾಗ ಅದು ದೇಹದ ಕಾಯಿಲೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರಂಭದಲ್ಲಿ ಅದು ಸಮಾಜದಲ್ಲಿ ಲೆಕ್ಕಕ್ಕಿಲ್ಲದವರ ಸ್ಥಿತಿ. ಅದೇ ಪತ್ರದ 8ನೇ ಅಧ್ಯಾಯದಲ್ಲಿ ಅದು ಅಳುಕುವ ಮನಸ್ಸಾಕ್ಷಿ. ಎರಡನೇ ಪತ್ರದಲ್ಲಿ ಅದು ನೋಡಲು ಸಾಧಾರಣ, ಮಾತಿನಲ್ಲಿ ಸಪ್ಪೆ ಎಂಬ ಟೀಕೆ. ಇವೆಲ್ಲ ಒಂದೇ ಅಲ್ಲ. ವಚನ ಓದಿದ ಕೂಡಲೇ 'ಇಲ್ಲಿ ಯಾವ ಬಲಹೀನತೆ?' ಎಂದು ಕೇಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಉಳಿದ ಅರ್ಧ ಅಷ್ಟು ಸುಲಭದ್ದಲ್ಲ.

ಕ್ಯಾಲೆಂಡರ್ ಮೇಲಿದ್ದ ವಚನವನ್ನೇ ನೋಡೋಣ. ಅದು ಫಿಲಿಪ್ಪಿಯವರಿಗೆ ಬರೆದ ಪತ್ರ, 4ನೇ ಅಧ್ಯಾಯ, 13ನೇ ವಚನ. ಪೌಲ ಆಗ ಸೆರೆಯಲ್ಲಿದ್ದ. 'ಎಲ್ಲಕ್ಕೂ' ಅಂದರೆ ಏನು? ಅದರ ಹಿಂದಿನ ವಚನದಲ್ಲೇ ಇದೆ. ಹೊಟ್ಟೆ ತುಂಬಿದಾಗ ಹೇಗಿರಬೇಕು, ಹಸಿದಾಗ ಹೇಗಿರಬೇಕು, ಸಮೃದ್ಧಿಯಲ್ಲಿ ಹೇಗೆ, ಕೊರತೆಯಲ್ಲಿ ಹೇಗೆ ಎಂದು ಕಲಿತಿದ್ದೇನೆ ಎನ್ನುತ್ತಾನೆ. ಆ 'ಎಲ್ಲ'ಕ್ಕೂ ಶಕ್ತ. ಪರೀಕ್ಷೆ ಪಾಸಾಗುವುದಕ್ಕೆ, ಟೆಂಡರ್ ಸಿಗುವುದಕ್ಕೆ, ಕೈ ಎದ್ದು ಬರುವುದಕ್ಕೆ ಅಂತ ಅಲ್ಲಿಲ್ಲ. ಹಸಿವನ್ನು ಗೆದ್ದೆ ಅಂತಲೂ ಇಲ್ಲ. ಹಸಿವಿನಲ್ಲೂ ಮುರಿಯದೆ ನಿಂತೆ ಅಂತ ಇದೆ.

ಇನ್ನು 14ನೇ ವಚನ. ಅದನ್ನು ಯಾರೂ ಕ್ಯಾಲೆಂಡರ್‌ಗೆ ಹಾಕುವುದಿಲ್ಲ. 'ಎಲ್ಲಕ್ಕೂ ಶಕ್ತ' ಎಂದ ಮರುಕ್ಷಣವೇ ಪೌಲ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಫಿಲಿಪ್ಪಿಯ ಸಭೆಯವರು ಅವನಿಗೆ ಸಹಾಯ ಕಳಿಸಿದ್ದರು. ತಂದವನು ಎಪಫ್ರೊದೀತ. ಆ ಎಪಫ್ರೊದೀತ ಈ ಕೆಲಸದಲ್ಲೇ ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿ ಬಂದ. ಅವನ ನಂಬಿಕೆ ಕಡಿಮೆ ಇತ್ತು ಎಂದು ಪೌಲ ಒಂದಕ್ಷರ ಬರೆಯಲಿಲ್ಲ. ದೇವರು ಅವನ ಮೇಲೆ ಕರುಣೆ ಇಟ್ಟ, ನನಗೂ ದುಃಖದ ಮೇಲೆ ದುಃಖ ಆಗದಂತೆ ನೋಡಿದ ಎಂದು ಬರೆದ. ಪೌಲನ ಹೆಸರಿನಲ್ಲಿರುವ ಇನ್ನೆರಡು ಪತ್ರಗಳಲ್ಲೂ ಇಂಥದ್ದೇ ಇದೆ. ಪೌಲನ ಜೊತೆಗಾರ ತಿಮೊಥೆಯನಿಗೆ ಪದೇ ಪದೇ ಹೊಟ್ಟೆಯ ತೊಂದರೆ. ಅದಕ್ಕೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂಬ ಸಲಹೆ ಇದೆ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯವನಾಗಿಯೇ ಮಿಲೇತದಲ್ಲಿ ಬಿಟ್ಟು ಬಂದೆ ಎಂಬ ಮಾತಿದೆ. ಕಾಯಿಲೆ ಬಿದ್ದ ಗೆಳೆಯನಿಗೆ ನಂಬಿಕೆಯ ಪರೀಕ್ಷೆ ಇಡುವುದು ಪೌಲನ ರೀತಿ ಆಗಿರಲಿಲ್ಲ.

ಇದನ್ನು ಓದಿ ಹೇಳಿದಾಗ ಚಿಗವ್ವ, "ಹಂಗಾರ ಆಂವಗೂ ಮಂದಿ ಬೇಕಿತ್ತು" ಅಂದಳು. ಅವತ್ತೇ ಮೊದಲ ಸಲ ಸೊಸೆಯ ಕೈಲಿ ತಲೆ ಬಾಚಿಸಿಕೊಂಡಳು. ಅಲ್ಲಿವರೆಗೆ ಎಡಗೈಲೇ ಒದ್ದಾಡುತ್ತಿದ್ದಳು.

ಈಗ ಎರಡನೆಯವರು ಹೇಳಿದ ಮಾತು. ಇದಕ್ಕೆ ಕೊರಿಂಥ ಊರನ್ನು ಸ್ವಲ್ಪ ತಿಳಿಯಬೇಕು. ಊರು ತಿಳಿಯದೆ ಈ ವಚನ ತಿಳಿಯುವುದಿಲ್ಲ ಎಂದು ನನಗೆ ಅನಿಸಿದೆ.

ಹಳೆಯ ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮತ್ತೆ ಕಟ್ಟಿಸಲು ಶುರು ಮಾಡಿದ. ಹೊಸ ಊರಿಗೆ ಬಂದವರಲ್ಲಿ ಬಿಡುಗಡೆಯಾದ ಗುಲಾಮರು ಬಹಳ ಮಂದಿ. ಎರಡು ಕಡೆ ಎರಡು ಬಂದರು, ಹತ್ತಿರದಲ್ಲೇ ಇಸ್ತಮಿಯಾದ ಆಟದ ಪಂದ್ಯಗಳು, ಭರ್ಜರಿ ವ್ಯಾಪಾರ. ಹಳೆಯ ಮನೆತನದ ಹೆಸರಿಲ್ಲದ ಊರಿನಲ್ಲಿ ದುಡ್ಡು ಮಾಡಿದವನು ತನ್ನ ಹೆಸರನ್ನು ತಾನೇ ಕಲ್ಲಲ್ಲಿ ಕೆತ್ತಿಸಬೇಕಿತ್ತು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಹಬ್ಬದ ಹೊತ್ತಿಗೆ ಏಳುವ ಫ್ಲೆಕ್ಸ್‌ಗಳನ್ನು ನೆನೆಸಿಕೊಳ್ಳಿ. ಅಲ್ಲಿ ಅದು ಕಲ್ಲಿನಲ್ಲಿರುತ್ತಿತ್ತು, ಅಷ್ಟೇ ವ್ಯತ್ಯಾಸ. ಚೆನ್ನಾಗಿ ಭಾಷಣ ಮಾಡುವವನಿಗೆ ಅಲ್ಲಿ ದೊಡ್ಡ ಮರ್ಯಾದೆ.

ಅಂಥ ಊರಿಗೆ ಗುಡಾರ ಹೊಲಿಯುವ ಕಸುಬಿನ ಪೌಲ ಬಂದ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಜೊತೆ ಸೇರಿ ಕೈಯಾರೆ ದುಡಿದ. ಸಭೆ ಕಟ್ಟಿದ. ಅವನು ಹೋದ ಮೇಲೆ ಬೇರೆ ಬೋಧಕರು ಬಂದರು. ಒಳ್ಳೆಯ ಮಾತುಗಾರರು. ಆಗ ಜನ ಶುರು ಮಾಡಿದರು: ಪತ್ರ ಬರೆದರೆ ಗಟ್ಟಿಯಾಗಿ ಬರೆಯುತ್ತಾನೆ, ಎದುರಿಗೆ ಬಂದರೆ ಆಳು ಬಲಹೀನ, ಮಾತೂ ಕೆಲಸಕ್ಕೆ ಬಾರದ್ದು. ಪೌಲ ಈ ಟೀಕೆಯನ್ನು ಮುಚ್ಚಿಡಲಿಲ್ಲ. ಎರಡನೇ ಪತ್ರದ 10ನೇ ಅಧ್ಯಾಯದಲ್ಲಿ ಅವನೇ ಬರೆದುಕೊಂಡಿದ್ದಾನೆ. ಪತ್ರದ ಕಾಲ ಸುಮಾರು ಕ್ರಿ.ಶ. 55ರ ಆಸುಪಾಸು.

ಆಮೇಲೆ ಅವನು ಮಾಡಿದ್ದು ನನಗೆ ಬಹಳ ಇಷ್ಟ. ನೀವೆಲ್ಲ ಹೊಗಳಿಕೊಳ್ಳುತ್ತೀರಲ್ಲ, ನಾನೂ ಹೊಗಳಿಕೊಳ್ಳುತ್ತೇನೆ ಎಂದು ಒಂದು ಪಟ್ಟಿ ಕೊಡುತ್ತಾನೆ. ಒಂದು ಕಡಿಮೆ ನಲವತ್ತು ಏಟು, ಐದು ಸಲ. ಕೋಲಿನ ಹೊಡೆತ ಮೂರು ಸಲ. ಕಲ್ಲೇಟು ಒಂದು ಸಲ. ಹಡಗು ಒಡೆದದ್ದು ಮೂರು ಸಲ. ಹಸಿವು, ಚಳಿ, ಬಟ್ಟೆ ಇಲ್ಲದ್ದು. ಪಟ್ಟಿಯ ಕೊನೆಗೆ ದಮಸ್ಕದ ಕಥೆ. ಅರೇತ ರಾಜನ ಅಧಿಕಾರಿ ಹಿಡಿಯಲು ಕಾವಲಿಟ್ಟಿದ್ದಾಗ, ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ನನ್ನನ್ನು ಕೆಳಗಿಳಿಸಿದರು, ತಪ್ಪಿಸಿಕೊಂಡೆ ಎನ್ನುತ್ತಾನೆ.

ಇದನ್ನು ಯಾಕೆ ಕೊನೆಗೆ ಇಟ್ಟ? ರೋಮನ್ ಸೈನ್ಯದಲ್ಲಿ ಒಂದು ದೊಡ್ಡ ಗೌರವ ಇತ್ತು. ಶತ್ರುವಿನ ಊರಿನ ಕೋಟೆಗೋಡೆಯನ್ನು ಎಲ್ಲರಿಗಿಂತ ಮೊದಲು ಹತ್ತಿದವನಿಗೆ ಗೋಡೆಯ ಆಕಾರದ ಬಂಗಾರದ ಕಿರೀಟ ಕೊಡುತ್ತಿದ್ದರು. ರೋಮನ್ ಊರಾದ ಕೊರಿಂಥದಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಗೋಡೆ ಹತ್ತಿದವನಿಗೆ ಕಿರೀಟ, ನಾನು ಗೋಡೆ ಇಳಿದವನು. ಅದೂ ಬುಟ್ಟಿಯಲ್ಲಿ, ಬೇರೆಯವರು ಹಗ್ಗ ಹಿಡಿದದ್ದರಿಂದ. ಕೆಲವು ಪಂಡಿತರು ಈ ಕಥೆಯನ್ನು ಹೀಗೆ ಓದುತ್ತಾರೆ. ನನಗೂ ಇದೇ ಸರಿ ಅನಿಸುತ್ತದೆ. ಅವನ ಮಾತು ಪೆಟ್ಟು ಕೊಡುವುದು ಕೊರಿಂಥದ ಹೆಮ್ಮೆಗೆ. ಅಶಕ್ತನಾದ ಯಾವ ಮನುಷ್ಯನಿಗೂ ಅಲ್ಲ.

ಮುಂದಿನ ಅಧ್ಯಾಯ ಹನ್ನೆರಡು. ಎಲ್ಲರಿಗೂ ಗೊತ್ತಿರುವ ಭಾಗ. ಪೌಲನ ದೇಹದಲ್ಲಿ ಏನೋ ಒಂದು ಚುಚ್ಚುತ್ತಿದೆ. ಗ್ರೀಕ್‌ನ ಶಬ್ದಕ್ಕೆ ಮುಳ್ಳು ಎಂದೂ ಅರ್ಥ, ಚೂಪಾದ ಗೂಟ ಎಂದೂ ಅರ್ಥ. ಏನು ಅದು? ಕಣ್ಣಿನ ಬೇನೆ ಎನ್ನುವವರಿದ್ದಾರೆ. ಮಲೇರಿಯಾದಂಥ ಜ್ವರ ಎನ್ನುವವರಿದ್ದಾರೆ. ಬೆನ್ನು ಹತ್ತಿದ ವಿರೋಧಿಗಳು ಎನ್ನುವವರೂ ಇದ್ದಾರೆ. ಪೌಲ ಹೆಸರು ಹೇಳಿಲ್ಲ. ಒಳ್ಳೆಯದೇ ಆಯಿತು. ಹೆಸರಿಲ್ಲದ್ದರಿಂದ ಅದು ಎಲ್ಲರ ನೋವಿಗೂ ಹೊಂದುತ್ತದೆ.

ಆ ಮುಳ್ಳು ನನ್ನನ್ನು 'ಗುದ್ದುತ್ತಿದೆ' ಎನ್ನುತ್ತಾನೆ. ಮುಷ್ಟಿ ಕಟ್ಟಿ ಹೊಡೆಯುವುದಕ್ಕೆ ಇರುವ ಶಬ್ದ ಅದು. ಯೇಸುವನ್ನು ವಿಚಾರಣೆಯ ರಾತ್ರಿ ಗುದ್ದಿದರು ಎಂದು ಯೇಸುವಿನ ಕಥೆ ಬರೆದ ಮಾರ್ಕ ಹೇಳುವಾಗಲೂ ಅದೇ ಶಬ್ದ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ಲೋಕದ ರೀತಿ ಹಾಗೇ ಇದೆ. ಪೌಲನಿಗೂ ಅದು ಗೊತ್ತಿತ್ತು. ಅದಕ್ಕೇ ಅವನು ಮೊದಲು ಮಾಡಿದ್ದು ಮುಳ್ಳನ್ನು ತೆಗೆ ಎಂದು ಬೇಡಿಕೊಂಡದ್ದು. ಒಂದು ಸಲ ಅಲ್ಲ, ಮೂರು ಸಲ. ಗೆತ್ಸೇಮನೆ ತೋಟದಲ್ಲಿ ಯೇಸುವೂ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನಿಂದ ದಾಟಿ ಹೋಗಲಿ ಎಂದು ಮೂರು ಸಲ ಪ್ರಾರ್ಥಿಸಿದ. ನೋವು ಹೋಗಲಿ ಎಂದು ಬೇಡುವುದು ನಂಬಿಕೆಯ ಕೊರತೆ ಅಲ್ಲ. ಸಭೆಯಲ್ಲಿ ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು.

ಉತ್ತರ ಬಂತು. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು, ಬಲಹೀನತೆಯಲ್ಲೇ ಬಲ ಪೂರ್ಣವಾಗುತ್ತದೆ. ಇಲ್ಲಿ ಕನ್ನಡದವರಿಗೆ ಬೇಗ ಹೊಳೆಯುವ ಒಂದು ಸೂಕ್ಷ್ಮ ಇದೆ. 'ಹೇಳಿದನು' ಎಂಬುದಕ್ಕೂ 'ಹೇಳಿದ್ದಾನೆ' ಎಂಬುದಕ್ಕೂ ನಾವು ವ್ಯತ್ಯಾಸ ಮಾಡುತ್ತೇವೆ. ಮೊದಲನೆಯದು ಆಗಿ ಹೋದದ್ದು. ಎರಡನೆಯದು ಹೇಳಿ ಆಗಿದೆ, ಆ ಮಾತು ಇನ್ನೂ ನಿಂತಿದೆ. ಗ್ರೀಕ್‌ನಲ್ಲಿ ಇರುವುದು ಎರಡನೆಯ ರೀತಿ. ಪೌಲ ಆ ಉತ್ತರದ ಮೇಲೆ ದಿನಾ ನಿಂತುಕೊಂಡಿದ್ದಾನೆ.

ಮುಂದಿನ ಮಾತಿನಲ್ಲಿ, ಕ್ರಿಸ್ತನ ಬಲ ನನ್ನ ಮೇಲೆ ನೆಲೆಸಲಿ ಎನ್ನುತ್ತಾನೆ. ಮೂಲದಲ್ಲಿ ಅದು ಗುಡಾರ ಹಾಕುವ ಶಬ್ದ. ಗುಡಾರ ಹೊಲಿದು ಬದುಕಿದವನು ಹೇಳಿದ ಮಾತು! ಗುಡಾರ ಹಾಕಿದ ಜಾಗ ಬೇರೆ, ಗುಡಾರ ಬೇರೆ. ಬಲಹೀನತೆ ಆ ಜಾಗ. ಬಲ ಬಂದು ಅದರ ಮೇಲೆ ಗುಡಾರ ಹಾಕುತ್ತದೆ. ಬಲಹೀನತೆಯೇ ಬಲ ಎಂದು ಪೌಲ ಎಲ್ಲೂ ಹೇಳಿಲ್ಲ. ಇದೇ ಪತ್ರದ 4ನೇ ಅಧ್ಯಾಯದಲ್ಲಿ ಮಣ್ಣಿನ ಪಾತ್ರೆಯಲ್ಲಿ ಇಟ್ಟ ನಿಧಿಯ ಮಾತಿದೆ. ಗಡಿಗೆಯೇ ಬಂಗಾರ ಅಂತ ಅಲ್ಲಿಲ್ಲ. ಗಡಿಗೆ ಒಡೆಯಲಿ ಅಂತಲೂ ಇಲ್ಲ. ಮುಳ್ಳನ್ನೂ ಅವನು ಒಳ್ಳೆಯದು ಅನ್ನಲಿಲ್ಲ, ಸೈತಾನನ ದೂತ ಎಂದ. ಹಾಗಾಗಿ ಚಿಗವ್ವನ ಲಕ್ವಾವನ್ನೇ ಕೃಪೆ ಎಂದರೆ ತಪ್ಪಾಗುತ್ತದೆ. ಕೃಪೆ ಏನಾದರೂ ಇದ್ದರೆ, ಲಕ್ವಾ ಹೊಡೆದ ಮೇಲೂ ಅವಳನ್ನು ಎತ್ತಿ ಹಿಡಿದದ್ದರಲ್ಲಿ ಇದೆ.

ಹಾಗಾದರೆ ಹಳೆಯ ಒಡಂಬಡಿಕೆಯಲ್ಲಿ ಬರುವ 'ಬಲಗೊಳ್ಳು, ಧೈರ್ಯದಿಂದಿರು' ಎಂಬ ಆಜ್ಞೆ? ಯೆಹೋಶುವನ ಪುಸ್ತಕದ ಮೊದಲ ಅಧ್ಯಾಯದಲ್ಲೇ ದೇವರು ಅದನ್ನು ಮೂರು ಸಲ ಹೇಳುತ್ತಾನೆ, ಜನ ಇನ್ನೊಂದು ಸಲ ಹೇಳುತ್ತಾರೆ. ಆದರೆ ಪ್ರತಿ ಸಲದ ಹಿಂದೆ ಒಂದು ಕಾರಣ ಇದೆ. ನಾನು ನಿನ್ನ ಸಂಗಡ ಇರುತ್ತೇನೆ, ಅದಕ್ಕೆ ಬಲಗೊಳ್ಳು. ಹೊಸ ಒಡಂಬಡಿಕೆಯಲ್ಲಿ ಎಫೆಸದವರಿಗೆ ಬರೆದ ಪತ್ರದ 'ಕರ್ತನಲ್ಲಿ ಬಲಗೊಳ್ಳಿರಿ' ಎಂಬ ಮಾತು ಇನ್ನೂ ಸ್ಪಷ್ಟ. ಗ್ರೀಕ್‌ನಲ್ಲಿ ಅದು ಹೆಚ್ಚುಕಡಿಮೆ 'ನಿಮಗೆ ಬಲ ಸಿಗಲಿ, ಅದನ್ನು ತೆಗೆದುಕೊಳ್ಳಿ' ಎಂಬಂತೆ ಇದೆ. ಗರಡಿಮನೆಯಲ್ಲಿ ಸಾಮು ಮಾಡಿ ಬರಿಸಿಕೊಳ್ಳುವ ಬಲ ಅಲ್ಲ ಅದು.

ಗರಡಿ ಅಂದ ಮೇಲೆ ಇಸ್ರಾಯೇಲರ ಮೂಲಪುರುಷ ಯಾಕೋಬನ ಕುಸ್ತಿಯನ್ನು ಬಿಡಲಾಗುವುದಿಲ್ಲ. ರಾತ್ರಿ ಇಡೀ ಒಬ್ಬ ಅಪರಿಚಿತನ ಜೊತೆ ಹಿಡಿದಾಡಿದ. ತೊಡೆಯ ಕೀಲು ತಪ್ಪಿತು. ಆದರೂ, ಆಶೀರ್ವಾದ ಮಾಡದೆ ಬಿಡೆನು ಎಂದ. ಬೆಳಗಾದಾಗ ಅವನಿಗೆ ಇಸ್ರಾಯೇಲ ಎಂಬ ಹೊಸ ಹೆಸರು ಸಿಕ್ಕಿತ್ತು, ಕಾಲು ಕುಂಟುತ್ತಿತ್ತು. ನಮ್ಮ ಕಡೆಯ ಕುಸ್ತಿ ಕಣದಲ್ಲಿ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಇಲ್ಲಿ ಗೆದ್ದವನು ಕುಂಟುತ್ತಾ ಆ ಜಾಗ ದಾಟಿ ಹೋದ. ಸೋತನೋ ಗೆದ್ದನೋ ಎಂದು ಕೇಳಿದರೆ ಪುಸ್ತಕ ಎರಡನ್ನೂ ಹೇಳುತ್ತದೆ.

ಗಿದ್ಯೋನನ ಕಥೆ ನಮ್ಮ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ರಾಶಿ ಮಾಡಲು ಬಯಲು ಬೇಕು. ಗಾಳಿ ಬೇಕು. ಗಾಳಿ ಇಲ್ಲದೆ ಹೊಟ್ಟು ಹಾರುವುದಿಲ್ಲ. ಆದರೆ ಇಸ್ರಾಯೇಲಿನ ಗಿದ್ಯೋನ ಸುಲಿಗೆಗೆ ಬರುತ್ತಿದ್ದ ಶತ್ರುಗಳಾದ ಮಿದ್ಯಾನ್ಯರಿಗೆ ಹೆದರಿ ದ್ರಾಕ್ಷಿ ತುಳಿಯುವ ಗುಂಡಿಯಲ್ಲಿ ಕದ್ದು ಗೋದಿ ಬಡಿಯುತ್ತಿದ್ದ. ಅಂಥವನಿಗೆ ದೇವದೂತ, ಪರಾಕ್ರಮಶಾಲಿಯೇ ಎಂದು ಕರೆಯುತ್ತಾನೆ. ನನ್ನ ಮನೆತನವೇ ಎಲ್ಲರಿಗಿಂತ ಬಡದು ಎಂದ ಗಿದ್ಯೋನ. ಆಮೇಲೆ ಸೈನ್ಯ ಕೂಡಿತು, 32,000 ಜನ. ದೇವರು ಜಾಸ್ತಿ ಆಯಿತು ಎಂದ. ಹೆದರಿದವರು ಹೋಗಲಿ ಎಂದಾಗ 22,000 ಜನ ಮನೆಗೆ ಹೋದರು. ನೀರು ಕುಡಿಯುವ ಪರೀಕ್ಷೆ ಆದ ಮೇಲೆ ಉಳಿದದ್ದು 300. ಕಾರಣವನ್ನೂ ಪುಸ್ತಕವೇ ಹೇಳುತ್ತದೆ: ನಮ್ಮ ಕೈಯೇ ನಮ್ಮನ್ನು ಉಳಿಸಿತು ಎಂದು ಜನ ಕೊಚ್ಚಿಕೊಳ್ಳಬಾರದು. ಗೆದ್ದ ಮೇಲೆ ಅದೇ ಗಿದ್ಯೋನ ಜನರಿಂದ ಬಂಗಾರ ಕೂಡಿಸಿ ಏಫೋದು ಎಂಬ ಯಾಜಕರ ಉಡುಪಿನಂಥದ್ದೊಂದನ್ನು ಮಾಡಿಸಿದ, ಅದೇ ಅವನ ಮನೆತನಕ್ಕೆ ಉರುಲಾಯಿತು. 300 ಜನರ ಜೊತೆ ಎಡವದವನು ಗೆದ್ದ ಮೇಲೆ ಎಡವಿದ.

ಇನ್ನೊಂದು ವಚನ ಪ್ರಾರ್ಥನಾ ಕೂಟಗಳಲ್ಲಿ ಬಹಳ ಕೇಳಿಬರುತ್ತದೆ: ಬಲಹೀನನು ನಾನು ಬಲಿಷ್ಠನು ಎಂದು ಹೇಳಲಿ. ಧೈರ್ಯ ತುಂಬುವ ಮಾತಿನಂತೆ ಕೇಳುತ್ತದೆ. ಇದು ಯೋವೇಲನ ಪುಸ್ತಕದ 3ನೇ ಅಧ್ಯಾಯ, 10ನೇ ವಚನ. ಪೂರ್ತಿ ಓದಿ ನೋಡಿ. ನಿಮ್ಮ ನೇಗಿಲ ಗುಳಗಳನ್ನು ಬಡಿದು ಕತ್ತಿ ಮಾಡಿ, ಕುಡುಗೋಲುಗಳನ್ನು ಬಡಿದು ಭರ್ಜಿ ಮಾಡಿ, ಬಲಹೀನನೂ ನಾನು ಶೂರ ಅನ್ನಲಿ. ಇದು ಜನಾಂಗಗಳನ್ನು ಯುದ್ಧಕ್ಕೆ ಕರೆಯುವ ಮಾತು. ಆ ಯುದ್ಧ ಅವರ ಮೇಲೆ ಬರಲಿರುವ ನ್ಯಾಯತೀರ್ಪು. ಯೆಶಾಯ ಮತ್ತು ಮೀಕ ಎಂಬ ಪ್ರವಾದಿಗಳು ಇದಕ್ಕೆ ಪೂರ್ತಿ ತಿರುಗುಮುರುಗಾಗಿ ಹೇಳುತ್ತಾರೆ: ಕತ್ತಿಗಳನ್ನು ಗುಳ ಮಾಡುವರು, ಭರ್ಜಿಗಳನ್ನು ಕುಡುಗೋಲು ಮಾಡುವರು. ರಂಟೆಯ ಕಬ್ಬಿಣ ಕಿತ್ತು ಕತ್ತಿ ಬಡಿದರೆ ಬಿತ್ತುವುದು ಯಾವುದರಲ್ಲಿ? ಎರೆ ಭೂಮಿಯಲ್ಲಿ ಬೆಳೆದ ನಮಗೆ ಆ ನಷ್ಟ ಗೊತ್ತು. ಆ ಅರ್ಧ ಸಾಲನ್ನು ಕಾಯಿಲೆಯವರ ಹಾಸಿಗೆ ಪಕ್ಕ ಕೂತು ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಗಟ್ಟಿಯಾಯಿತು. ಬಲ, ಬಲಹೀನತೆಯ ಮಾತು ಬಂದಲ್ಲೆಲ್ಲ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಬೇಕು. ಪೌಲ ಬಲಹೀನತೆಯಲ್ಲಿ ಹಿಗ್ಗುತ್ತೇನೆ ಎಂದದ್ದು ತನ್ನ ಬಲಹೀನತೆಯ ಬಗ್ಗೆ. ಪಕ್ಕದವನ ಬಲಹೀನತೆಯ ಬಗ್ಗೆ ಅಲ್ಲ. ಪಕ್ಕದವನು ಅಶಕ್ತನಾದಾಗ ಅದೇ ಪೌಲ, ಯಾರಾದರೂ ಬಲಹೀನನಾದರೆ ನಾನೂ ಬಲಹೀನನಾಗುವುದಿಲ್ಲವೇ ಎಂದು ಕೇಳುತ್ತಾನೆ.

ಪ್ರವಾದಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯ ಇನ್ನೂ ಕಟುವಾಗಿದೆ. ಇಸ್ರಾಯೇಲಿನ ಆಳುವವರನ್ನು ಅಲ್ಲಿ ಕುರುಬರಿಗೆ ಹೋಲಿಸಿದೆ. ಬಡಕಲು ಕುರಿಗೆ ಬಲ ಕೊಡಲಿಲ್ಲ, ಕಾಯಿಲೆಯದನ್ನು ಗುಣಪಡಿಸಲಿಲ್ಲ, ಮುರಿದ ಕಾಲು ಕಟ್ಟಲಿಲ್ಲ, ಅದಕ್ಕೆ ಲೆಕ್ಕ ಕೇಳುತ್ತೇನೆ ಎನ್ನುತ್ತಾನೆ ದೇವರು. ಇಲ್ಲಿ ಬಲಹೀನತೆ ಸಹಿಸಬೇಕಾದ ವರ ಅಲ್ಲ. ಅದು ಯಾರೋ ಮಾಡಿದ ಅನ್ಯಾಯ. ಕೂಲಿ ಕೊಡದೆ, ಔಷಧಿ ಕೊಡಿಸದೆ ಒಬ್ಬರನ್ನು ಅಶಕ್ತ ಮಾಡಿ, ಆಮೇಲೆ ಅವರಿಗೇ ಬಲಹೀನತೆಯಲ್ಲಿ ಬಲ ಇದೆ ಎಂದು ಬೋಧಿಸಿದರೆ ಅದು ಸತ್ಯವೇದಕ್ಕೆ ಮಾಡುವ ಅವಮಾನ.

ಒಂದು ಮದುವೆಯಲ್ಲಿ ಕೇಳಿದ ಪ್ರಸಂಗ ನನ್ನ ಮನಸ್ಸಿನಿಂದ ಹೋಗಿಲ್ಲ. ಹೆಣ್ಣು ಬಲಹೀನ ಪಾತ್ರೆ ಎಂದು ಸತ್ಯವೇದ ಹೇಳುತ್ತದೆ, ಅದಕ್ಕೇ ಮದುಮಗಳು ತಗ್ಗಿ ಬಗ್ಗಿ ಇರಬೇಕು ಎಂದು ಬೋಧಕರು ಹೇಳಿದರು. ಚಿಗವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಗಂಡ ಸತ್ತ ಮೇಲೆ ಹಗಲೂ ರಾತ್ರಿ ನೇಯ್ದವಳು. ಮನೆಗೆ ಬಂದು ಆ ವಚನ ತೆಗೆದು ನೋಡಿದೆ. ಪೇತ್ರನ ಮೊದಲ ಪತ್ರ, 3ನೇ ಅಧ್ಯಾಯ, 7ನೇ ವಚನ. ಆ ವಚನ ಹೆಂಡತಿಗೆ ಹೇಳಿದ್ದಲ್ಲ, ಗಂಡನಿಗೆ ಹೇಳಿದ್ದು. ಅವಳಿಗೆ ಮಾನ ಕೊಡು, ಜೀವದ ವರಕ್ಕೆ ಅವಳೂ ನಿನ್ನ ಸಮ ಬಾಧ್ಯಳು ಎಂದಿದೆ. ಇಲ್ಲದಿದ್ದರೆ ನಿನ್ನ ಪ್ರಾರ್ಥನೆಗೇ ತಡೆ ಬರುತ್ತದೆ. ಇನ್ನೂ ಒಂದು ಮಾತು. ಪಾತ್ರೆ ಎಂಬ ಆ ಗ್ರೀಕ್ ಶಬ್ದವೇ ಪೌಲನ ಮಣ್ಣಿನ ಪಾತ್ರೆಯಲ್ಲೂ ಇದೆ. ಅಲ್ಲಿ ಪೌಲ 'ನಾವು' ಎನ್ನುತ್ತಾನೆ, ತನ್ನನ್ನೂ ಸೇರಿಸಿ. ಗಂಡೂ ಮಣ್ಣಿನ ಗಡಿಗೆಯೇ.

ಬಲ ಇದ್ದವನು ಏನು ಮಾಡಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ ಊಟದ ಜಗಳದಲ್ಲಿ ಇದೆ. ರೋಮಾಪುರದ ಸಭೆಯಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಲೆ ಮಾತ್ರ. ಕೊರಿಂಥದಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಮಾಂಸದ ಪ್ರಶ್ನೆ. ತಿಂದರೆ ತಪ್ಪು ಎಂದು ಅಳುಕುವವರನ್ನು ಪೌಲ ಬಲಹೀನರು ಎನ್ನುತ್ತಾನೆ. ಅದು ಮನಸ್ಸಾಕ್ಷಿಯ ಮಾತು, ಸಸ್ಯಾಹಾರದ ಮೇಲೆ ಕೊಟ್ಟ ತೀರ್ಪಲ್ಲ. ಆದರೆ ಅವರನ್ನು ಗಟ್ಟಿ ಮಾಡಿ, ಹೆದರಿಕೆ ಬಿಡಿಸಿ ಎಂದು ಅವನು ಹೇಳಲಿಲ್ಲ. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಬಲ ಇರುವ ನಾವು ಬಲಹೀನರ ಭಾರ ಹೊರಬೇಕು. ನನ್ನ ಊಟದಿಂದ ಸಹೋದರ ಎಡವುವುದಾದರೆ ನಾನು ಎಂದಿಗೂ ಮಾಂಸ ತಿನ್ನುವುದಿಲ್ಲ ಎಂದ. ತಿನ್ನುವ ಹಕ್ಕು ಇದ್ದವನೇ ಬಿಟ್ಟುಕೊಡುತ್ತಾನೆ. ಧಾರವಾಡದಲ್ಲಿ ನಾವು ಬಾಡಿಗೆ ಇದ್ದ ಮನೆಯ ಮಾಲೀಕರು ಕಟ್ಟುನಿಟ್ಟಿನವರು. ಶ್ರಾವಣ ಬಂದರೆ ಅವ್ವ ಆ ತಿಂಗಳು ಮನೆಯಲ್ಲಿ ಮೀನು ಮಾಂಸ ಮಾಡುತ್ತಿರಲಿಲ್ಲ. ಅವರು ಯಾವತ್ತೂ ಕೇಳಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದುವಾಗ ನನಗೆ ಅವ್ವನ ಅಡುಗೆಮನೆ ಕಾಣುತ್ತದೆ.

ಪ್ರಕಟನೆಯ ಪುಸ್ತಕದಲ್ಲಿ ಒಂದು ದೃಶ್ಯ ಇದೆ. ಏಳು ಮುದ್ರೆ ಹಾಕಿದ ಸುರುಳಿಯನ್ನು ಬಿಚ್ಚುವವರು ಯಾರೂ ಇಲ್ಲ ಎಂದು ಯೋಹಾನ ಅಳುತ್ತಾನೆ. ಅಳಬೇಡ, ಯೂದ ಕುಲದ ಸಿಂಹ ಗೆದ್ದಿದ್ದಾನೆ ಎಂದು ಹಿರಿಯನೊಬ್ಬ ಹೇಳುತ್ತಾನೆ. ಕಿವಿಗೆ ಬಿದ್ದದ್ದು ಸಿಂಹ. ತಲೆ ಎತ್ತಿ ನೋಡಿದರೆ ಅಲ್ಲಿ ಕೊಯ್ದ ಗುರುತಿರುವ ಕುರಿಮರಿ ನಿಂತಿದೆ. ಅದಕ್ಕೆ ಏಳು ಕೊಂಬು. ಬೈಬಲ್‌ನಲ್ಲಿ ಕೊಂಬು ಅಂದರೆ ಬಲ. ಗಾಯ ಮಾಯವಾಗಿಲ್ಲ. ಬಲವೂ ಕಡಿಮೆಯಾಗಿಲ್ಲ. ಸಿಂಹ ಸುಳ್ಳು, ಕುರಿಮರಿ ನಿಜ ಅಂತಲ್ಲ. ಸಿಂಹ ಗೆದ್ದ ರೀತಿ ಅದು. ಶಿಲುಬೆಯ ವಿಷಯದಲ್ಲಿ ಪೌಲನೂ ಕೊರಿಂಥದವರಿಗೆ ಇದನ್ನೇ ಬರೆದ: ಬಲಹೀನತೆಯಲ್ಲಿ ಶಿಲುಬೆಗೆ ಹೋದ, ದೇವರ ಬಲದಿಂದ ಬದುಕಿದ್ದಾನೆ.

ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅಂದಿನಿಂದ ನಮ್ಮ ಮನೆಗಳಲ್ಲಿ ಈ ಪುಸ್ತಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾ ಬಂದಿದ್ದಾರೆ. ಕಾಯಿಲೆಯವರ ಮನೆಯಲ್ಲಿ ಓದಲು ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಎಂದರೆ ಎಲ್ಲರಿಗೂ ಇಷ್ಟ. ನಂಬಿಕೆಯಿಂದ ರಾಜ್ಯಗಳನ್ನು ಗೆದ್ದರು, ಸಿಂಹಗಳ ಬಾಯಿ ಕಟ್ಟಿದರು, ಕತ್ತಿಯ ಬಾಯಿಂದ ತಪ್ಪಿಸಿಕೊಂಡರು, ಬಲಹೀನರಾಗಿದ್ದವರು ಬಲಿಷ್ಠರಾದರು. ಇದು 33 ಮತ್ತು 34ನೇ ವಚನ. 35ರ ನಡುವೆ ಕಥೆ ತಿರುಗುತ್ತದೆ. ಬೇರೆ ಕೆಲವರು ಪೆಟ್ಟು ತಿಂದರು, ಸೆರೆಮನೆ ಸೇರಿದರು, ಕಲ್ಲೇಟಿಗೆ ಸತ್ತರು, ಗರಗಸದಿಂದ ಕೊಯ್ಯಿಸಿಕೊಂಡರು, ಕತ್ತಿಯಿಂದ ಸತ್ತರು. ಒಂದೇ ಅಧ್ಯಾಯ, ಒಂದೇ ಕತ್ತಿ. ಕೆಲವರು ಅದರಿಂದ ಉಳಿದರು, ಕೆಲವರು ಅದಕ್ಕೇ ಹೋದರು. ಪತ್ರ ಬರೆದವನು ಇಬ್ಬರಿಗೂ ಒಂದೇ ಸಾಕ್ಷಿ ಕೊಡುತ್ತಾನೆ: ಇವರೆಲ್ಲ ನಂಬಿಕೆಯಿಂದ ಒಳ್ಳೆಯ ಹೆಸರು ಪಡೆದವರು.

ಚಿಗವ್ವನ ಕೈ ಇನ್ನೂ ಪೂರ್ತಿ ಬಂದಿಲ್ಲ. ಬೆರಳು ಸ್ವಲ್ಪ ಆಡುತ್ತವೆ, ಲಾಳಿ ಹಿಡಿಯಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಸೊಸೆ ಎಣ್ಣೆ ಹಚ್ಚಿ ತೀಡುತ್ತಾಳೆ. ಮೊನ್ನೆ ಹೋದಾಗ ಸಭೆಯ ಹಿರಿಯರೊಬ್ಬರು ಬಂದು ಇದೇ ಅಧ್ಯಾಯ ಓದುತ್ತಿದ್ದರು. 'ಬಲಹೀನರು ಬಲಿಷ್ಠರಾದರು' ಎಂಬಲ್ಲಿಗೆ ಪುಸ್ತಕ ಮುಚ್ಚಿ ಪ್ರಾರ್ಥನೆಗೆ ಕಣ್ಣು ಮುಚ್ಚಿದರು.

"ಅಲ್ಲಿಗೆ ನಿಲ್ಲಸಬ್ಯಾಡ್ರಿ ಅಣ್ಣಾರ" ಅಂದಳು ಚಿಗವ್ವ. "ಮುಂದ ಇನ್ನೂ ಐತಿ. ಪೂರಾ ಓದ್ರಿ."